ಹದಿಮೂರನೆಯ ತಿಂಗಳು

ಕಳೆದ ನವೆಂಬರಿನ ಒಂದು ರಾತ್ರಿ. ಕಲಬುರ್ಗಿಯ ನಮ್ಮ ಮನೆಯಲ್ಲಿ ಊಟದ ಮೇಜಿನ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು, ಪಕ್ಕದಲ್ಲಿ ಪಂಚಾಂಗ ಹರವಿಕೊಂಡು, 2026ರ ಮನೆಯ ಕ್ಯಾಲೆಂಡರಿನ ಚೌಕಗಳನ್ನು ತುಂಬುತ್ತ ಕೂತಿದ್ದೆ. ಯುಗಾದಿ ಮಾರ್ಚ್ 19. ಗಣೇಶ ಚೌತಿ ಸೆಪ್ಟೆಂಬರ್ 14. ದೀಪಾವಳಿ ಅಮಾವಾಸ್ಯೆ ನವೆಂಬರ್ 8. ಡಿಸೆಂಬರಿಗೆ ಬಂದು ಎಳ್ಳಮಾಸಿ ಹುಡುಕಿದೆ. ಸಿಗಲಿಲ್ಲ. 8ನೇ ತಾರೀಖಿಗೆ ಒಂದು ಅಮಾವಾಸ್ಯೆ ಇತ್ತು, ಅದು ಕಾರ್ತಿಕದ್ದು. ಅಲ್ಲಿಂದ 31ರವರೆಗೆ ಬೆರಳಿಟ್ಟು ಎಣಿಸಿದರೂ ಇಲ್ಲ. ಹಿಂದಕ್ಕೆ ಹೋಗಿ ಜನವರಿ ನೋಡಿದೆ. ಅಲ್ಲೂ ಇಲ್ಲ.

ನನ್ನ ತವರು ಗುಂಜೋಟಿ. ಮಹಾರಾಷ್ಟ್ರದ ಉಮರ್ಗಾ ತಾಲ್ಲೂಕಿನ ಊರು, ಮೊನ್ನೆಮೊನ್ನೆಯವರೆಗೆ ಉಸ್ಮಾನಾಬಾದ್ ಆಗಿದ್ದು ಈಗ ಧಾರಾಶಿವ ಆಗಿರುವ ಜಿಲ್ಲೆ. ಅಲ್ಲಿಯವರಿಗೆ ಎಳ್ಳಮಾಸಿ ಇಲ್ಲದ ವರ್ಷ ಎಂದರೆ ದಸರಾ ಇಲ್ಲದ ಮೈಸೂರಿದ್ದಂತೆ. ಮಾರ್ಗಶಿರ ಅಮಾವಾಸ್ಯೆಯ ಆ ದಿನ ಊರಿಗೆ ಊರೇ ಹೊಲಕ್ಕೆ ಹೋಗುತ್ತದೆ. ಲಾತೂರಿನಲ್ಲಿ ಜಿಲ್ಲಾಧಿಕಾರಿಯೇ ಸ್ಥಳೀಯ ರಜೆ ಕೊಡುವ ವಾಡಿಕೆ ಇದೆ. ಪೇಟೆ ಬಿಕೋ ಎನ್ನುತ್ತಿರುತ್ತದೆ. ನಿಲಂಗಾ, ಉದಗೀರ, ಉಮರ್ಗಾ, ಈಚೆಗೆ ಬೀದರ, ಆಳಂದ ಎಲ್ಲ ಕಡೆಯೂ ಜೋಳದ ಕಣಿಕೆಯ ಗುಡಿಸಲು, ಸುಣ್ಣ ಹಚ್ಚಿದ ಐದು ಕಲ್ಲಿನ ಪಾಂಡವರು, ಅಂಬಲಿ, ಭಜ್ಜಿ, ಸಜ್ಜೆ ಕಡುಬು. ಎಳ್ಳಮಾವಾಸ್ಯೆ ಸವೆದು ಎಳ್ಳಮಾಸಿಯಾಗಿ, ಮರಾಠಿಯ ಬಾಯಲ್ಲಿ ಯೇಳವಸ್ ಆಗಿ, ಅದನ್ನು ಶುದ್ಧ ಮಾಡಲು ಹೋದವರ ಕೈಯಲ್ಲಿ ‘ವೇಳಾ ಅಮಾವಾಸ್ಯಾ’ ಆಗಿದೆ ಎನ್ನುತ್ತಾರೆ. ಎಳ್ಳು ಹೋಗಿ ವೇಳೆ ಬಂತು. ಹೊಲದಲ್ಲಿ ನೈವೇದ್ಯದ ಚರಗ ಚೆಲ್ಲುತ್ತ ಕೂಗುವ ಕೂಗು ಮಾತ್ರ ಮರಾಠಿ ಮನೆಗಳಲ್ಲೂ ಕನ್ನಡದ್ದೇ ಉಳಿದಿದೆ. ಅರ್ಥ ಗೊತ್ತಿಲ್ಲದೆಯೂ ಕೂಗುತ್ತಾರೆ, ಜೋರಾಗಿಯೇ ಕೂಗುತ್ತಾರೆ.

ನಮ್ಮ ಮನೆಯ ಕ್ಯಾಲೆಂಡರನ್ನು ಹಂಚುವುದೂ ಅದೇ ದಿನ, ಅದೇ ಹೊಲದಲ್ಲಿ. ಹಂಚುವ ಹಬ್ಬವೇ ಕ್ಯಾಲೆಂಡರಿನಲ್ಲಿ ಇಲ್ಲದಿದ್ದರೆ ಏನು ಹೇಳುವುದು? ರಾತ್ರಿ ಹತ್ತೂವರೆಗೆ ಕಾಕಾಗೆ ಫೋನ್ ಮಾಡಿದೆ.

“ಪಂಚಾಂಗ ತಪ್ಪ್ಯಾದ ಏನ್ರಿ ಕಾಕಾ?”

“ಪಂಚಾಂಗ ತಪ್ಪಿಲ್ಲವ್ವಾ. ಈ ಸಲ ಧೋಂಡಾ ಮಹಿನಾ ಬಂದದ. ಮೇ ತಿಂಗಳದಾಗ ನೋಡು.”

ಅಧಿಕ ಮಾಸ. 2026ರ ಮೇ 17ರಿಂದ ಜೂನ್ 15ರವರೆಗೆ ಅಧಿಕ ಜ್ಯೇಷ್ಠ. ಚಂದ್ರನ ಹನ್ನೆರಡು ತಿಂಗಳು ಸೇರಿದರೆ 354 ದಿನ. ಸೂರ್ಯನ ವರ್ಷಕ್ಕೆ ಹನ್ನೊಂದು ದಿನ ಕಮ್ಮಿ. ಆ ಬಾಕಿ ಬೆಳೆದು ಬೆಳೆದು 32–33 ತಿಂಗಳಿಗೊಮ್ಮೆ ಒಂದು ಪೂರ್ತಿ ತಿಂಗಳನ್ನು ಒಳಗೆ ಸೇರಿಸಬೇಕಾಗುತ್ತದೆ. ಸೇರಿಸಿದ ಮೇಲೆ ಆಮೇಲಿನ ಹಬ್ಬಗಳೆಲ್ಲ ಒಂದೊಂದು ಹೆಜ್ಜೆ ಮುಂದಕ್ಕೆ ಸರಿಯುತ್ತವೆ. ಡಿಸೆಂಬರ್ ಅಂಚಿನಲ್ಲಿ ಕೂತಿದ್ದ ಎಳ್ಳಮಾಸಿ ಜಾರಿ 2027ರ ಜನವರಿ 7ಕ್ಕೆ ಬಿತ್ತು. 2025ರ ಡಿಸೆಂಬರ್ 19ರಂದು ಒಂದು, ಆಮೇಲೆ 2027ರ ಜನವರಿಯಲ್ಲಿ ಇನ್ನೊಂದು. ನಡುವಿನ ವರ್ಷ ಖಾಲಿ. 2023 ಕೂಡ ಹೀಗೇ ಖಾಲಿ ಹೋಗಿತ್ತು. ಆಗ ನಾವಿನ್ನೂ ಕ್ಯಾಲೆಂಡರ್ ಮಾಡಲು ಶುರು ಮಾಡಿರಲಿಲ್ಲ, ಹಾಗಾಗಿ ಗಮನಕ್ಕೆ ಬಂದಿರಲಿಲ್ಲ. 2024ರಲ್ಲಿ ಎರಡು ಬಂದವು: ಜನವರಿ 11, ಡಿಸೆಂಬರ್ 30.

ಅಧಿಕ ಮಾಸದಲ್ಲಿ ಅಳಿಯನನ್ನು ಕರೆದು ಉಣ್ಣಿಸಿ ಉಡುಗೊರೆ ಕೊಡುವುದು ಮಹಾರಾಷ್ಟ್ರದ ಪದ್ಧತಿ. ನಾನು ಫೋನಿನಲ್ಲಿ ಮಾತಾಡುವುದನ್ನು ಕೇಳುತ್ತಿದ್ದ ನನ್ನ ಗಂಡ ಒಳಗಿಂದಲೇ, “ಆ ತಿಂಗಳನ್ನು ದೊಡ್ಡ ಅಕ್ಷರದಲ್ಲಿ ಹಾಕು” ಎಂದರು.

*

ಮೊದಲ ಕ್ಯಾಲೆಂಡರ್ ಹುಟ್ಟಿದ್ದು ಇಂಥ ಯಾವ ಯೋಜನೆಯಿಂದಲೂ ಅಲ್ಲ. ಹೆಣ್ಣುಮಗಳು ತವರಿಗೆ ಹೋಗುವಾಗ ಏನು ಒಯ್ಯಬೇಕು ಎಂಬ ಹಳೆಯ ಪೀಕಲಾಟದಿಂದ. ಸೀರೆ, ಕುಪ್ಪಸದ ಖಣ, ಬುತ್ತಿ ಎಲ್ಲ ಬರುವುದು ತವರಿನಿಂದ. ನಾವು ಒಯ್ಯುವ ಸ್ವೀಟ್ ಡಬ್ಬಿ ಮೂರು ದಿನದಲ್ಲಿ ಖಾಲಿಯಾಗಿ, ಆಮೇಲೆ ಅದರಲ್ಲಿ ಸೂಜಿ ದಾರ ತುಂಬುತ್ತಾರೆ. 2023ರ ಕೊನೆಗೆ, ಮೊಬೈಲಿನಲ್ಲಿ ರಾಶಿ ಬಿದ್ದಿದ್ದ ಎಳ್ಳಮಾಸಿಯ ಫೋಟೋ ನೋಡುತ್ತ, ಇವನ್ನೇ ಹನ್ನೆರಡು ತಿಂಗಳಿಗೆ ಹಂಚಿದರೆ ಹೇಗೆ ಎನಿಸಿತು. ಕೆಲಸ ಮುಗಿಯುವಷ್ಟರಲ್ಲಿ ಜನವರಿಯೇ ಬಂತು. 2024ರ ಕ್ಯಾಲೆಂಡರನ್ನು 2024ರ ಜನವರಿ 11ರಂದು ಹೊಲದಲ್ಲಿ ಹಂಚಿದೆ. “ಹನ್ನೊಂದು ದಿನ ಹಳೀ ಮಾಲು ತಂದಾಳ ನೋಡ್ರಿ ನಮ್ಮ ಹುಡುಗಿ” ಎಂದು ಕಾಕಾ ಎಲ್ಲರಿಗೂ ತೋರಿಸಿದರು.

ನಮ್ಮ ಕಡೆ ಕ್ಯಾಲೆಂಡರ್ ಯಾವತ್ತೂ ದುಡ್ಡು ಕೊಟ್ಟು ತರುವ ಸಾಮಾನಾಗಿರಲಿಲ್ಲ, ಬರುವ ಸಾಮಾನಾಗಿತ್ತು. ಕಿರಾಣಿ ಅಂಗಡಿಯವನು, ಗೊಬ್ಬರದ ಅಂಗಡಿಯವನು, ಆಡತಿಯವನು, ಸಹಕಾರಿ ಬ್ಯಾಂಕು ಕೊಡುವುದು. ಮೇಲೆ ಲಕ್ಷ್ಮಿ, ಕೆಳಗೆ ಅಂಗಡಿಯ ಹೆಸರು. ಶಿವಕಾಶಿಯ ಮುದ್ರಣಾಲಯಗಳು ಸಾವಿರಗಟ್ಟಲೆ ಅಚ್ಚು ಹಾಕಿ, ಕೆಳಗಿನ ಪಟ್ಟಿಯನ್ನು ಖಾಲಿ ಬಿಟ್ಟಿರುತ್ತಿದ್ದವು. ಯಾರ ಹೆಸರು ಬೇಕೋ ಅವರ ಹೆಸರು ಅಲ್ಲಿ ಕೂರುತ್ತಿತ್ತು. ಕೊಂಡು ತರುವಂಥದ್ದು ಆಮೇಲೆ ಬಂತು. ಜಯಂತ ಸಾಳಗಾಂವ್‌ಕರ್ 1973ರಲ್ಲಿ ಮುಂಬಯಿಯಿಂದ ಹೊರಡಿಸಿದ ‘ಕಾಲನಿರ್ಣಯ’ ಮರಾಠಿ ಮನೆಗಳ ಗೋಡೆಯನ್ನೇ ಗೆದ್ದುಕೊಂಡಿತು, ಕನ್ನಡದಲ್ಲೂ ಬರುತ್ತದೆ. ದಕ್ಷಿಣದ ಕಡೆಯವರಿಗೆ 1921ರಿಂದ ಬರುತ್ತಿರುವ ಬೆಂಗಳೂರು ಪ್ರೆಸ್ ಕ್ಯಾಲೆಂಡರ್ ಹೇಗೋ, ಹಾಗೆ. ಗುಂಜೋಟಿಯ ನಮ್ಮ ಪಡಸಾಲೆಯಲ್ಲಿ ಎರಡು ಮೊಳೆ. ಒಂದರಲ್ಲಿ ಮರಾಠಿಯ ಕಾಲನಿರ್ಣಯ, ಇನ್ನೊಂದರಲ್ಲಿ ಕಲಬುರ್ಗಿಯಿಂದ ಯಾರಾದರೂ ತಂದುಕೊಟ್ಟ ಗದುಗಿನ ಶಾಬಾದಿಮಠದ್ದು. ತಿಥಿ ನೋಡುವುದು ಒಂದರಲ್ಲಿ, ಹಾಲಿನ ಲೆಕ್ಕ ಬರೆಯುವುದು ಇನ್ನೊಂದರಲ್ಲಿ. ಯಾವುದರಲ್ಲಿ ಯಾವುದು ಎಂದು ಹೇಳಿದರೆ ಒಂದು ಕಡೆಯವರಿಗೆ ಬೇಜಾರಾದೀತು.

ದೇವರ ಮನೆಯಲ್ಲಿ ಒಂದು ಶಿವಪಾರ್ವತಿಯ ಚಿತ್ರ ಇದೆ. ಚೌಕಟ್ಟು ಹಾಕಿಸಿ, ಪ್ರತಿ ಸೋಮವಾರ ವಿಭೂತಿ ಹಚ್ಚಿ, ಗಾಜೆಲ್ಲ ಮಸುಕಾಗಿದೆ. ನಾನು ಹೈಸ್ಕೂಲಿಗೆ ಹೋದ ಮೇಲೆಯೇ ಅದು ಕ್ಯಾಲೆಂಡರಿನಿಂದ ಕತ್ತರಿಸಿದ್ದು ಎಂದು ತಿಳಿದದ್ದು. ಮೂಲೆಯಲ್ಲಿ ಎಸ್.ಎಂ. ಪಂಡಿತ್ ಎಂಬ ಸಹಿ. 1916ರಲ್ಲಿ ಕಲಬುರ್ಗಿಯಲ್ಲಿ ಹುಟ್ಟಿ, ಮುಂಬಯಿಯಲ್ಲಿ ಸಿನಿಮಾ ಭಿತ್ತಿಚಿತ್ರ, ‘ಫಿಲ್ಮ್ ಇಂಡಿಯಾ’ ಪತ್ರಿಕೆಯ ಮುಖಪುಟಗಳನ್ನು ಬರೆದು, ಕಡೆಗೆ ಕ್ಯಾಲೆಂಡರಿನ ದೇವರುಗಳಿಗೆ ಮೈಬಣ್ಣ, ಸ್ನಾಯು, ಬೆಳಕು ಕೊಟ್ಟು ದೇಶದ ಮನೆಮನೆಗೆ ಹೋದವರು. 1993ರಲ್ಲಿ ತೀರಿಕೊಂಡರು. ಆ ಚಿತ್ರದ ಕೆಳಗೆ ಇದ್ದ ತಾರೀಖುಗಳು ಯಾವ ಇಸವಿಯವೋ, ಯಾವಾಗಲೋ ಒಲೆ ಸೇರಿವೆ. ಚಿತ್ರಕ್ಕೆ ಇನ್ನೂ ಊದುಬತ್ತಿ ನಡೆದಿದೆ. ಕ್ಯಾಲೆಂಡರಿಗೆ ಒಂದೇ ವರ್ಷದ ಆಯುಷ್ಯ ಎನ್ನುವವರು ನಮ್ಮ ದೇವರ ಮನೆ ನೋಡಿಲ್ಲ.

*

ಫೋಟೋ ಕೂಡಿಸುವುದು ಸುಲಭ ಎಂದುಕೊಂಡಿದ್ದೆ. ಕಷ್ಟವಾದದ್ದು ತಾರೀಖು ಕೂಡಿಸುವುದು.

ಕುಟುಂಬದ ವಾಟ್ಸ್ಆ್ಯಪ್ ಗುಂಪಿನಲ್ಲಿ, ಎಲ್ಲರೂ ನಿಮ್ಮ ನಿಮ್ಮ ಮನೆಯವರ ಹುಟ್ಟಿದ ದಿನ ಕಳಿಸಿ ಎಂದು ಕೇಳಿದೆ. ಮಕ್ಕಳದ್ದು ಚಕಚಕ ಬಂತು. ಐವತ್ತು ದಾಟಿದವರದ್ದು ಬಂದಾಗ ನಗು ತಡೆಯಲಾಗಲಿಲ್ಲ. ಅಪ್ಪ ಜೂನ್ 1. ದೊಡ್ಡ ಕಾಕಾ ಜೂನ್ 1. ಸಣ್ಣ ಕಾಕಾ ಜೂನ್ 1. ಉದಗೀರದ ಮಾಮಾ ಜೂನ್ 1, ಅವರ ಬೀಗರೂ ಜೂನ್ 1. ಶಾಲೆಗೆ ಹೆಸರು ಹಚ್ಚುವ ದಿನ ಮಾಸ್ತರು ಹುಡುಗನ ಎತ್ತರ ನೋಡಿ ಅಂದಾಜಿಗೆ ಒಂದು ಇಸವಿ ಹಾಕಿ, ತಾರೀಖಿನ ಜಾಗದಲ್ಲಿ ಎಲ್ಲರಿಗೂ ಒಂದನೇ ಜೂನ್ ಬರೆದರು. ಗಡಿಯ ಆಚೆ ಈಚೆ ಎರಡೂ ಕಡೆ ಮಾಸ್ತರುಗಳು ಈ ಒಂದು ವಿಷಯದಲ್ಲಿ ತಕರಾರಿಲ್ಲದೆ ಒಂದಾಗಿದ್ದರು. ನಮ್ಮ ಕ್ಯಾಲೆಂಡರಿನ ಜೂನ್ ಒಂದರ ಚೌಕದಲ್ಲಿ ಒಂಬತ್ತು ಹೆಸರು ಹಿಡಿಸಬೇಕಾಗಿತ್ತು. ಅಕ್ಷರ ಇರುವೆಯಷ್ಟಾಯಿತು.

ಅದು ಬೇಡ, ಖರೇ ಹುಟ್ಟಿದ ದಿನ ಬೇಕು ಎಂದು ಹಟ ಹಿಡಿದೆ. ಆಯಿ, ಎಂದರೆ ನನ್ನ ಅಪ್ಪನ ತಾಯಿ, ಹೊಸ್ತಿಲ ಮೇಲೆ ಕೂತು ಒಬ್ಬೊಬ್ಬರನ್ನಾಗಿ ಹೆತ್ತ ಲೆಕ್ಕ ಹೇಳಿದಳು. ದೊಡ್ಡವ ರಜಾಕಾರರ ಗದ್ದಲ ಅಡಗಿ, ಓಡಿಹೋದವರು ಊರಿಗೆ ತಿರುಗಿ ಬಂದ ವರ್ಷದ ಸುಗ್ಗಿಯಲ್ಲಿ. ಹೈದರಾಬಾದ್ ಸಂಸ್ಥಾನ ಭಾರತಕ್ಕೆ ಸೇರಿದ್ದು 1948ರ ಸೆಪ್ಟೆಂಬರ್ 17. ಹಾಗಾದರೆ 1949ರ ಜನವರಿ ಇಲ್ಲವೇ ಫೆಬ್ರವರಿ. ಎಲ್ಲರಿಗಿಂತ ಸಣ್ಣವ 72ರ ಬರದಲ್ಲಿ. “ಖಡಿ ಒಡೀಲಾಕ ಹೋಗ್ತಿದ್ದೆ. ಹೊಟ್ಟ್ಯಾಗ ಇಂವ. ಸುಕಡಿ ಕೊಡ್ತಿದ್ರು, ಕೆಂಪು ಮಿಲೋ ಜ್ವಾಳ ಕೊಡ್ತಿದ್ರು. ಆ ರೊಟ್ಟಿ ತಿಂದು ಹುಟ್ಟ್ಯಾನ, ಅದಕ್ಕ ಹಿಂಗ ಅದಾನ.” ಸಣ್ಣ ಕಾಕಾ ಅಲ್ಲೇ ಕೂತು ಕೇಳುತ್ತಿದ್ದರು, ಏನೂ ಅನ್ನಲಿಲ್ಲ. ಬರಗಾಲದ ಕಾಮಗಾರಿಯ ಜಲ್ಲಿಗೆ ಮರಾಠವಾಡದಲ್ಲಿ ಇಂದಿಗೂ ಖಡಿ ಎಂದೇ ಹೆಸರು.

ಮುತ್ಯಾನದು, ಎಂದರೆ ಅಜ್ಜನದು, ಸಿಕ್ಕಿದ್ದು ಒಂದು ಹಳೆಯ ಉರ್ದು ಕಾಗದದಲ್ಲಿ. ಓದಿಸಿದಾಗ ಫಸಲಿ 1342, ತಿಂಗಳು ಅಮರ್‌ದಾದ್ ಎಂದಿತ್ತು. ನಿಜಾಮರ ಕಚೇರಿಗಳಲ್ಲಿ ನಡೆಯುತ್ತಿದ್ದದ್ದು ಫಸಲಿ ವರ್ಷ, ಫಾರ್ಸಿ ಹೆಸರಿನ ತಿಂಗಳುಗಳು: ತೀರ್, ಅಮರ್‌ದಾದ್, ಶಹರೇವರ್. ಅಲ್ಲಿಯ ಫಸಲಿಗೆ 590 ಕೂಡಿಸಿದರೆ ಇಸವಿ ಸಿಗುತ್ತದೆ, ಒಂದು ವರ್ಷ ಅತ್ತ ಇತ್ತ. ವರ್ಷ ಶುರುವಾಗುವುದು ಅಕ್ಟೋಬರಿನಲ್ಲಿ; ಹಾಗೆ ಎಣಿಸಿ ಮುತ್ಯಾನನ್ನು 1933ರ ಮಳೆಗಾಲದ ಶುರುವಿಗೆ ತಂದು ಕೂರಿಸಿದೆವು. ಬದುಕಿದ್ದಾಗ ಯಾರೂ ಮಾಡದ ಹುಟ್ಟುಹಬ್ಬ ಮುತ್ಯಾನಿಗೆ ಈಗ ಕ್ಯಾಲೆಂಡರಿನಲ್ಲಿದೆ.

ಕೆಲವು ತಾರೀಖುಗಳಿಗೆ ಎರಡೆರಡು ಹೆಸರು. ಸೆಪ್ಟೆಂಬರ್ 17 ಗುಂಜೋಟಿಯಲ್ಲಿ ಮರಾಠವಾಡಾ ಮುಕ್ತಿಸಂಗ್ರಾಮ ದಿನ. ನಿಜಾಮರ ವಿರುದ್ಧದ ಹೋರಾಟದಲ್ಲಿ ಪ್ರಾಣ ಕೊಟ್ಟ ಆರ್ಯಸಮಾಜದ ವೇದಪ್ರಕಾಶರ ಊರು ಅದು. ನಾನಿರುವ ಕಲಬುರ್ಗಿಯಲ್ಲಿ ಅದೇ ದಿನ ಕಲ್ಯಾಣ ಕರ್ನಾಟಕ ಉತ್ಸವ. ಧ್ವಜ ಒಂದೇ, ಭಾಷಣ ಬೇರೆ. ಮೇ 1 ಅವರಿಗೆ ಮಹಾರಾಷ್ಟ್ರ ದಿನ, ನವೆಂಬರ್ 1 ನಮಗೆ ರಾಜ್ಯೋತ್ಸವ. 1956ರ ಆ ನವೆಂಬರ್ 1ರಂದೇ ಬೀದರ ಜಿಲ್ಲೆಯಿಂದ ಉದಗೀರ, ನಿಲಂಗಾ ಕಡೆಯ ಭಾಗ ಮುಂಬಯಿ ರಾಜ್ಯಕ್ಕೆ ಹೋದದ್ದು. ನಮ್ಮ ಮನೆಯ ಹೆಣ್ಣುಮಕ್ಕಳಲ್ಲಿ ಅರ್ಧ ಜನ ನಡೆದು ಹೋಗುವಷ್ಟು ದೂರದಲ್ಲೇ ಬೇರೆ ರಾಜ್ಯದ ಸೊಸೆಯರಾದದ್ದು. ಎರಡನ್ನೂ ಹಾಕಿದ್ದೇನೆ, ಒಂದೇ ಅಳತೆಯ ಅಕ್ಷರದಲ್ಲಿ.

*

ಅಕ್ಷರ ಎಂದರೆ ಯಾವ ಅಕ್ಷರ? ನಮ್ಮವರಿಗೆ ಮನೆಯ ಮಾತು ಕನ್ನಡ, ಓದು ಮರಾಠಿ. ಕಾಕಾನ ಮಕ್ಕಳು ಕನ್ನಡದಲ್ಲಿ ಜಗಳವಾಡಿ ಮರಾಠಿಯಲ್ಲಿ ಅರ್ಜಿ ಬರೆಯುತ್ತಾರೆ. ಬೆಂಗಳೂರಿನಲ್ಲಿರುವ ನನ್ನ ತಂಗಿಯ ಮಗನಿಗೆ ಕನ್ನಡ ಓದಲು ಬರುತ್ತದೆ, ಆಯಿಯ ಕನ್ನಡ ಅರ್ಥವಾಗುವುದಿಲ್ಲ. ಕಡೆಗೆ ಹೆಸರುಗಳನ್ನು ಮೇಲೆ ಕನ್ನಡದಲ್ಲಿ, ಕೆಳಗೆ ದೇವನಾಗರಿಯಲ್ಲಿ ಹಾಕಿದೆ. ಅಲ್ಲಿಗೂ ಮುಗಿಯಲಿಲ್ಲ. ಹಿರಿಯರ ಹೆಸರನ್ನು ಬರೀ ಹೆಸರಾಗಿ ಬರೆದರೆ ಒರಟಾಗಿ ಕಾಣುತ್ತದೆ; ಮುತ್ಯಾ, ಕಾಕು, ಅತ್ತಿ ಎಂದು ಬರೆದರೆ ಯಾರಿಗೆ ಕಾಕು, ಯಾರಿಗೆ ಅತ್ತಿ? ಒಂದೇ ಹೆಂಗಸು ಈ ಮನೆಗೆ ಕಾಕು, ಆ ಮನೆಗೆ ಅವ್ವ, ಮೂರನೆಯವರಿಗೆ ವೈನಿ. ಫೋಟೋದ ಕೆಳಗೆ ಹೆಸರು ಬರೆಯುವುದನ್ನೇ ಬಿಟ್ಟು, ಫೋಟೋ ತೆಗೆದ ಜಾಗದ ಹೆಸರು ಬರೆದೆ. ಬಾವಿ ಹೊಲ. ಮಾಳದ ಹೊಲ. ಅಡುಗೆ ಮನೆಯ ಹಿತ್ತಲು ಬಾಗಿಲು. ನಮ್ಮವರಿಗೆ ಅಷ್ಟು ಸಾಕು, ಹೊರಗಿನವರಿಗೆ ಬೇಕಾಗಿಲ್ಲ.

ಮೊದಲ ವರ್ಷ ಪ್ರಿಂಟಿಗೆ ಕೊಟ್ಟದ್ದು ಗಡಿಯಾಚೆಯ ಒಂದು ಡಿಟಿಪಿ ಅಂಗಡಿಗೆ. ಅವರಲ್ಲಿ ಮರಾಠಿ ಫಾಂಟ್ ನೂರೆಂಟು, ಕನ್ನಡದ್ದು ಒಂದೂ ಇಲ್ಲ. ನಾನು ಮೊಬೈಲಿನಿಂದ ಕಳಿಸಿದ ಕನ್ನಡವನ್ನು ಹಾಗೇ ಹಳೆಯ ಫೋಟೋಶಾಪಿಗೆ ಅಂಟಿಸಿದರು. ಒತ್ತಕ್ಷರಗಳು ಕಳಚಿಕೊಂಡವು. ಮುತ್ಯಾ ಹೋಗಿ ಮುತ್‌ಯಾ, ಎಳ್ಳಮಾಸಿ ಹೋಗಿ ಎಳ್‌ಳಮಾಸಿ. ಕೂಡಿಸಿದ ಹುಡುಗನಿಗೆ ಕನ್ನಡ ಓದಲು ಬಾರದು, ಅವನ ಕಣ್ಣಿಗೆ ಎಲ್ಲ ಚೆಂದ ಇತ್ತು. ನಾನೂ ಅವಸರದಲ್ಲಿ ಪ್ರೂಫ್ ನೋಡದೆ ಹ್ಞೂಂ ಅಂದಿದ್ದೆ. ಇಪ್ಪತ್ತೆರಡು ಪ್ರತಿ ಹಾಗೇ ಅಚ್ಚಾಗಿ ಬಂದವು. ಭಾರತೀಯ ಲಿಪಿಗಳನ್ನು ಜೋಡಿಸುವ ಸೆಟ್ಟಿಂಗ್ ಅದೇ ಸಾಫ್ಟ್‌ವೇರಿನ ಹೊಸ ಆವೃತ್ತಿಗಳಲ್ಲಿದೆ, ಅದನ್ನು ತೆರೆದಿಡಬೇಕು. ಇಲ್ಲವೇ ಅಕ್ಷರವನ್ನು ಮನೆಯಲ್ಲೇ ಕೂಡಿಸಿ, ಪಿಡಿಎಫ್ ಮಾಡಿ, ಫಾಂಟನ್ನು ಒಳಗೇ ಸೇರಿಸಿ ಕೊಡಬೇಕು. ಎರಡನೆಯದು ಜೀವಕ್ಕೆ ಸುಖ.

ಫೋಟೋದ ವಿಷಯದಲ್ಲಿ ಕಲಿತದ್ದೂ ಹೀಗೇ, ಕೆಡಿಸಿ ಕಲಿತದ್ದು. ವಾಟ್ಸ್ಆ್ಯಪಿನಲ್ಲಿ ಸುಮ್ಮನೆ ಕಳಿಸಿದ ಫೋಟೋ ಉದ್ದದ ಬದಿಗೆ 1,600 ಪಿಕ್ಸೆಲ್ಲಿಗೆ ಇಳಿದಿರುತ್ತದೆ. ಅಚ್ಚುಕಟ್ಟಾಗಿ ಅಚ್ಚಾಗಲು ಅಂಗುಲಕ್ಕೆ 300 ಬೇಕು ಎಂದರೆ ಅದು ಐದೂಕಾಲು ಅಂಗುಲಕ್ಕೆ ಸಾಲುತ್ತದೆ, ಅಷ್ಟೇ. ನಮ್ಮದು 12 ಅಂಗುಲ ಅಗಲ, 18 ಅಂಗುಲ ಉದ್ದದ ಹಾಳೆ. ಮೇಲಿನ ಅರ್ಧ ಫೋಟೋ. ‘ಡಾಕ್ಯುಮೆಂಟ್’ ಎಂದು ಕಳಿಸಿ ಎಂದು ಗುಂಪಿನಲ್ಲಿ ಬರೆದು ಬರೆದು ಬೆರಳು ಸವೆಯಿತು. ಹಳೆಯ ಫೋಟೋಗಳಿಗೆ ಬೇರೆ ಔಷಧ. ಚೌಕಟ್ಟಿನ ಗಾಜಿಗೆ ಫೋಟೋ ಅಂಟಿಕೊಂಡಿದ್ದರೆ ಕೀಳಲು ಹೋಗಬಾರದು, ಮುಖವೇ ಗಾಜಿಗೆ ಹೋಗಿಬಿಡುತ್ತದೆ. ಗಾಜಿನ ಸಮೇತ ಬಾಗಿಲ ಬಳಿ ನೆರಳಿನಲ್ಲಿಟ್ಟು, ಫ್ಲ್ಯಾಷ್ ಆರಿಸಿ, ಕಪ್ಪು ಬಟ್ಟೆ ಹೊದ್ದುಕೊಂಡು ಮೇಲಿನಿಂದ ತೆಗೆಯಬೇಕು. ಕಪ್ಪು ಬಟ್ಟೆ ಯಾಕೆಂದರೆ, ಗಾಜಿನಲ್ಲಿ ನಮ್ಮದೇ ಮುಖ ಮೂಡಬಾರದು. ಒಂದು ಫೋಟೋದಲ್ಲಿ ಮುತ್ಯಾನ ರುಮಾಲಿನ ಮೇಲೆ ನನ್ನ ಮೊಬೈಲು ಕಾಣುತ್ತದೆ. ಅದನ್ನು ಹಾಗೇ ಬಿಟ್ಟಿದ್ದೇನೆ.

ಯಾರ ಫೋಟೋ ಯಾವ ತಿಂಗಳಿಗೆ ಎಂಬುದು ಬೇರೆಯೇ ರಾಜಕಾರಣ. ಹೊಸದಾಗಿ ಮದುವೆಯಾದ ಜೋಡಿಯನ್ನು ಜುಲೈಗೆ ಹಾಕಿದ್ದೆ. ಅರ್ಧ ಜುಲೈ ಆಷಾಢ ಎಂದು ಹುಡುಗಿಯ ತವರಿನಿಂದ ಮಾತು ಬಂತು. ಅವರನ್ನು ಆಗಸ್ಟಿಗೆ, ಶ್ರಾವಣಕ್ಕೆ ತಂದು, ಜುಲೈಗೆ ಎತ್ತಿನ ಜೋಡಿಯ ಫೋಟೋ ಹಾಕಿದೆ. ಎತ್ತುಗಳ ಕಡೆಯವರು ಯಾರೂ ಏನೂ ಅನ್ನಲಿಲ್ಲ.

ಆಯಿಯದು ಬೇರೆ ತಕರಾರು. ಆಕೆಯ ಫೋಟೋ ಎಂದ ಕೂಡಲೇ ಕೈ ಅಡ್ಡ ಹಿಡಿದಳು. “ನಾ ಇನ್ನ ಗ್ವಾಡಿಗಿ ಹತ್ತಿಲ್ಲವ್ವಾ.” ನಮ್ಮ ಪಡಸಾಲೆಯಲ್ಲಿ ಗೋಡೆ ಹತ್ತಿದ ಮನುಷ್ಯರೆಲ್ಲ ಹಾರ ಹಾಕಿಸಿಕೊಂಡವರೇ. ಸತ್ತ ಮೇಲೆ ಮತದಾರರ ಚೀಟಿಯ ಚಿಕ್ಕ ಫೋಟೋ ಒಯ್ದು ಸ್ಟುಡಿಯೋದಲ್ಲಿ ದೊಡ್ಡದು ಮಾಡಿಸಿ, ಹಿಂದೆ ನೀಲಿ ಬಣ್ಣ ಬಳಿಸಿ, ಕುಂಕುಮ ಹಚ್ಚಿ ತೂಗುಹಾಕುವುದು. ಬದುಕಿರುವವಳನ್ನು ಮೊಳೆಗೆ ಹಾಕುವುದು ಆಕೆಗೆ ಅಪಶಕುನವಾಗಿ ಕಂಡದ್ದರಲ್ಲಿ ಆಶ್ಚರ್ಯವಿಲ್ಲ. ಕಡೆಗೆ ಕಾಕು ಒಂದು ಫೋಟೋ ಹುಡುಕಿ ಕೊಟ್ಟಳು. ಎಳ್ಳಮಾಸಿಯ ದಿನ ಸೀತನಿ ತಿನ್ನುತ್ತ, ಬಾಯಿಗೆ ಸೆರಗು ಅಡ್ಡ ಹಿಡಿದು ಆಯಿ ನಗುತ್ತಿರುವುದು. ತುಟಿಯ ಮೇಲೆ ಹಸಿ ಜೋಳದ ಹೊಟ್ಟು. ಅದನ್ನು ಎರಡೂ ಕೈಯಲ್ಲಿ ಹಿಡಿದು ನೋಡಿದಳು. “ಇದು ನಡೀತದ. ಸತ್ತವ್ರು ಹಿಂಗ ನಗಂಗಿಲ್ಲ.”

*

ಸೆಪ್ಟೆಂಬರ್ ಹಾಳೆಯ ಫೋಟೋ ಮೂರು ವರ್ಷವೂ ಬದಲಾಗಿಲ್ಲ.

ಅಪ್ಪನ ದೊಡ್ಡ ತಂಗಿಯನ್ನು 1978ರಲ್ಲಿ ಮದುವೆ ಮಾಡಿ ಕೊಟ್ಟದ್ದು ಈಗಿನ ಲೋಹಾರಾ ತಾಲ್ಲೂಕಿನ ಒಂದು ಊರಿಗೆ. ಮದುವೆಗೆ ಉಮರ್ಗಾದಿಂದ ಫೋಟೋದವನು ಬಂದು ಮೂರು ಫೋಟೋ ಹೊಡೆದಿದ್ದ. ಎರಡು ಬೀಗರ ಮನೆಗೆ ಹೋದವು, ಒಂದು ಗುಂಜೋಟಿಯಲ್ಲಿ ಉಳಿಯಿತು. 1993ರ ಸೆಪ್ಟೆಂಬರ್ 29 ಗಣಪತಿ ಕಳಿಸುವ ದಿನ. ಊರೆಲ್ಲ ಮೆರವಣಿಗೆ ಮುಗಿಸಿ, ದಣಿದು ಮಲಗಿತ್ತು. 30ರ ನಸುಕಿನ 3 ಗಂಟೆ 56 ನಿಮಿಷಕ್ಕೆ ಭೂಮಿ ಅಲುಗಿತು. ಕಿಲ್ಲಾರಿ, ಸಾಸ್ತೂರು ಸುತ್ತಿನ 52 ಹಳ್ಳಿಗಳು ನೆಲಸಮವಾದವು. ಸತ್ತವರು ಹತ್ತು ಸಾವಿರದ ಹತ್ತಿರ. ಕಲ್ಲು ಮಣ್ಣಿನ ಎರಡು ಮೊಳ ದಪ್ಪದ ಗೋಡೆ, ತೊಲೆಯ ಮೇಲೆ ವರ್ಷವರ್ಷ ಮಣ್ಣು ಹೊರಿಸಿದ ಮಾಳಿಗೆ. ಬೇಸಿಗೆಗೆ ತಂಪು ಎಂದು ಕಟ್ಟಿದ್ದು ಆ ರಾತ್ರಿ ಜನರ ಮೇಲೇ ಕೂತಿತು. ಅತ್ತಿಯ ಮನೆಯಲ್ಲಿ ಜೀವಗಳು ಉಳಿದವು. ಮನೆ ಉಳಿಯಲಿಲ್ಲ. ಆ ಎರಡು ಫೋಟೋ ಇದ್ದ ಕಬ್ಬಿಣದ ಟ್ರಂಕು ಮಣ್ಣಿನೊಳಗೇ ಹೋಯಿತು. ಊರನ್ನೇ ಬೇರೆ ಕಡೆ ಕಟ್ಟಿದರು, ನೇರ ಬೀದಿ, ಒಂದೇ ಅಳತೆಯ ಮನೆಗಳು.

2024ರ ಎಳ್ಳಮಾಸಿಯಂದು ಹೊಲದಲ್ಲಿ ಅತ್ತಿಯ ಕೈಗೆ ಕ್ಯಾಲೆಂಡರ್ ಕೊಟ್ಟು, ಸೆಪ್ಟೆಂಬರ್ ತೆಗೆದು ತೋರಿಸಿದೆ. ಮೂವತ್ತು ವರ್ಷದಿಂದ ಆಕೆ ತನ್ನ ಮದುವೆಯ ಫೋಟೋ ನೋಡಿರಲಿಲ್ಲ. ತವರಿನಲ್ಲಿ ಒಂದು ಉಳಿದಿದೆ ಎಂಬುದೂ ಮರೆತುಹೋಗಿತ್ತು. ಅಳುತ್ತಾಳೆ ಎಂದು ನಾವು ಕಾದು ನಿಂತೆವು. ಕಣ್ಣಿಗೆ ಹತ್ತಿರ ಹಿಡಿದು ಬಹಳ ಹೊತ್ತು ನೋಡಿ, ಫೋಟೋದಲ್ಲಿದ್ದ ಗಂಡನ ಮಣಿಕಟ್ಟಿನ ಮೇಲೆ ಬೆರಳಿಟ್ಟಳು.

“ಈ ವಾಚ್ ಇವ್ರದಲ್ಲ. ನಮ್ಮ ಅಣ್ಣಂದು. ಫೋಟೋ ಸಲುವಾಗಿ ಕಟಗೊಂಡಿದ್ರು. ತಿರುಗಿ ಕೊಟ್ರೋ ಇಲ್ಲೋ?”

ಕೊಟ್ಟಿರಲಿಲ್ಲವಂತೆ. ಅಪ್ಪ ಆ ಮಾತನ್ನು ನಲವತ್ತಾರು ವರ್ಷ ಹೊಟ್ಟೆಯಲ್ಲಿಟ್ಟುಕೊಂಡಿದ್ದರು.

ಅತ್ತಿಯ ಹೊಸ ಮನೆಯ ಗೋಡೆಯಲ್ಲಿ ಮೊಳೆ ಇಳಿಯುವುದಿಲ್ಲ, ಬಾಗುತ್ತದೆ. ಕ್ಯಾಲೆಂಡರನ್ನು ಕಿಟಕಿಯ ಸರಳಿಗೆ ಕಟ್ಟಿದ್ದಾಳೆ. ಗಾಳಿ ಬಂದಾಗ ಹಾಳೆ ಹಾರಿ ಸೆಪ್ಟೆಂಬರ್ ಆಗಾಗ ಕಾಣುತ್ತದೆ ಎಂದು ಹೇಳಿದಳು. ಸೆಪ್ಟೆಂಬರ್ 30ರ ಚೌಕದಲ್ಲಿ ಏನು ಬರೆಯಲಿ ಎಂದು ಪ್ರತಿ ವರ್ಷ ಕೇಳುತ್ತೇನೆ. ಏನೂ ಬ್ಯಾಡ ಅನ್ನುತ್ತಾಳೆ. ಆ ಚೌಕದಲ್ಲಿ ಅಂಕಿ ಒಂದೇ ಇರುತ್ತದೆ.

*

ಇನ್ನು ಎಳ್ಳಮಾಸಿಯ ಸಮಸ್ಯೆ. ಎರಡನೆಯ ವರ್ಷದಿಂದ ಕಲಬುರ್ಗಿಯಲ್ಲೇ ಪ್ರಿಂಟ್ ಮಾಡಿಸುತ್ತೇನೆ. ಇಪ್ಪತ್ತು ಇಪ್ಪತ್ತೈದು ಪ್ರತಿಗೆ ಆಫ್‌ಸೆಟ್ ಆಗುವುದಿಲ್ಲ, ಪ್ಲೇಟಿನ ಖರ್ಚೇ ಮೈಮೇಲೆ ಬರುತ್ತದೆ. ಡಿಜಿಟಲ್ ಪ್ರಿಂಟ್ ಬಂದ ಮೇಲೆಯೇ ನಮ್ಮಂಥವರಿಗೂ ಸ್ವಂತ ಕ್ಯಾಲೆಂಡರ್ ಎಂಬುದು ಎಟುಕಿದ್ದು. ಅಂಗಡಿಯವರಿಗೆ, “ಈ ವರ್ಷ ಹದಿಮೂರು ತಿಂಗಳು ಬೇಕು” ಎಂದೆ. ಅವರು ನನ್ನ ಮುಖ ನೋಡಿದರು. ಆಮೇಲೆ ಹಾಳೆ ಎಣಿಸಿದರು. ಮುಖಪುಟ ಒಂದು, ತಿಂಗಳು ಹನ್ನೆರಡು, ಒಟ್ಟು ಹದಿಮೂರು ಮಗ್ಗಲು. ಏಳು ಹಾಳೆಗೆ ಹದಿನಾಲ್ಕು ಮಗ್ಗಲು. “ಹೆಂಗೂ ಒಂದು ಬಾಜು ಖಾಲಿ ಬೀಳ್ತದ ಮೇಡಂ, ರೊಕ್ಕ ಏನೂ ಹೆಚ್ಚಾಗಂಗಿಲ್ಲ.” ಹಿಂದಿನ ಎರಡು ವರ್ಷ ಆ ಖಾಲಿ ಮಗ್ಗಲಲ್ಲಿ ಎಲ್ಲರ ಫೋನ್ ನಂಬರ್ ಹಾಕಿಸಿದ್ದೆ, ಯಾರ ನಂಬರು ಮೇಲೆ ಯಾರದು ಕೆಳಗೆ ಎಂದು ಅದರಲ್ಲೂ ರಗಳೆ. ಅದು ಹೋಗಿ ಅಲ್ಲಿಗೆ 2027ರ ಜನವರಿ ಬಂತು. 7ನೇ ತಾರೀಖು, ಗುರುವಾರ, ಕೆಂಪು ಅಕ್ಷರದಲ್ಲಿ ಎಳ್ಳಮಾಸಿ. ಚಂದ್ರನೂ ಆ ವರ್ಷ ಹದಿಮೂರು ತಿಂಗಳೇ ನಡೆಸುತ್ತಾನೆ. ಕೂಡಿಸಿ ನೋಡಿದರೆ ನಮ್ಮದು ಅಂಥ ತಪ್ಪು ಲೆಕ್ಕವೇನೂ ಅಲ್ಲ.

ಕೆಳಗಿನ ಪಟ್ಟಿಯಲ್ಲಿ, ಶಿವಕಾಶಿಯವರು ಅಂಗಡಿಯ ಹೆಸರಿಗೆಂದು ಬಿಡುವ ಜಾಗದಲ್ಲಿ, ಮೂರು ವರ್ಷದಿಂದ ಒಂದೇ ಸಾಲು ಇದೆ: ಹುಣಸಿ ಗಿಡದ ಹೊಲ, ಗುಂಜೋಟಿ.

ಜನವರಿ 2027ಕ್ಕೆ ಯಾವ ಫೋಟೋ ಹಾಕುವುದು? ಆ ದಿನದ ಫೋಟೋ ಇನ್ನೂ ತೆಗೆದೇ ಇಲ್ಲ. ಹಳೆಯದು ಹಾಕಲು ಮನಸ್ಸಾಗಲಿಲ್ಲ. ಒಂದು ಗೆರೆಯ ಚೌಕಟ್ಟು ಎಳೆದು ಒಳಗೆಲ್ಲ ಬಿಳಿ ಬಿಟ್ಟೆ. ಆ ಎಳ್ಳಮಾಸಿಯ ಫೋಟೋ ಬಂದ ಮೇಲೆ ಎಲ್ಲರೂ ಅಂಟಿಸಿಕೊಳ್ಳಲಿ ಎಂದು. ಡಿಸೆಂಬರ್ 19ರ ಶುಕ್ರವಾರ ಹುಣಸೆ ಗಿಡದ ಕೆಳಗೆ, ಅಂಬಲಿ ಕುಡಿದ ಮೇಲೆ, ಸುತ್ತಿದ ಕ್ಯಾಲೆಂಡರುಗಳನ್ನು ಹಂಚಿದೆ. ಮಕ್ಕಳು ಮೊದಲು ತಮ್ಮ ತಮ್ಮ ಹುಟ್ಟುಹಬ್ಬ ನೋಡಿದರು, ದೊಡ್ಡವರು ತಮ್ಮ ತಮ್ಮ ಫೋಟೋ ನೋಡಿದರು. ಆಯಿ ಮಾತ್ರ ಕೊನೆಯ ಹಾಳೆ ತೆಗೆಸಿ, ಬಿಳಿ ಚೌಕಟ್ಟಿನ ಮೇಲೆ ಅಂಗೈ ಆಡಿಸಿದಳು.

“ಇಲ್ಲಿ ಯಾರ ಬರ್ತಾರ?”

“ಎಲ್ಲಾರೂ, ಆಯಿ.”

“ಯಾರ‍್ಯಾರು ಇರ್ತಾರೋ ಅವ್ರು ಬರ್ತಾರನ್ನು” ಎಂದು ತಿದ್ದಿದಳು.

ಸಂಕ್ರಾಂತಿಗೆ ಎಳ್ಳು ಬೆಲ್ಲ ಕೊಡಲು ಮತ್ತೆ ಗುಂಜೋಟಿಗೆ ಹೋಗಿದ್ದೆ. ಅಡುಗೆ ಮನೆಯ ಬಾಗಿಲ ಹಿಂದೆ ಕ್ಯಾಲೆಂಡರ್ ತೂಗುತ್ತಿತ್ತು. ಸುಮ್ಮನೆ ಕೊನೆಯ ಹಾಳೆವರೆಗೆ ತಿರುವಿದೆ. ಬಿಳಿ ಚೌಕಟ್ಟಿನ ಎಡ ಮೂಲೆಯಿಂದ ಪೆನ್ಸಿಲ್ಲಿನಲ್ಲಿ, ಮರಾಠಿ ಅಕ್ಷರದಲ್ಲಿ ಕನ್ನಡ ಮಾತು ಸಾಲಾಗಿ ಬರೆದಿತ್ತು. ಯಾರಿಗೆ ಜೋಳ ಎರಡು ಪಾಯಲಿ ಕೊಟ್ಟದ್ದು, ಬಚತ್ ಗಟ್ ಎಂಬ ಉಳಿತಾಯ ಸಂಘಕ್ಕೆ ತುಂಬಿದ್ದು ಎಷ್ಟು, ಸೊಸೆಗೆ ಗೊತ್ತಾಗದಂತೆ ಮಗಳಿಗೆ ಕಳಿಸಿದ್ದು ಎಷ್ಟು.

“ಕಾಕು, ಇದು ಫೋಟೋ ಜಾಗಾರಿ” ಎಂದೆ.

“ಗೊತ್ತದ ತಗೋ. ಅಲ್ಲಿ ತನಕಾ ಯಾರೂ ತಿರುವಿ ನೋಡಂಗಿಲ್ಲ, ಅದಕ್ಕ ಅಲ್ಲಿ ಬರದೀನಿ. ಫೋಟೋ ಬಂದ ಮ್ಯಾಲ ಮ್ಯಾಲಿಂದ ಹಚ್ಚಿದ್ರ ಮುಚ್ಚಿ ಹೋಗ್ತದ. ನೀ ಯಾರ ಮುಂದೂ ಹೇಳಬ್ಯಾಡ.”

ಹೇಳುವುದಿಲ್ಲ ಎಂದು ಒಪ್ಪಿಕೊಂಡು ಬಂದಿದ್ದೇನೆ. ಕನ್ನಡ ಪತ್ರಿಕೆ ಗುಂಜೋಟಿಗೆ ಬರುವುದಿಲ್ಲ ಎಂಬ ಧೈರ್ಯದ ಮೇಲೆ ಇಷ್ಟು ಬರೆದೆ.